ಎರಡು ಹಾಜರಿ ಪುಸ್ತಕಗಳಲ್ಲಿ ನನ್ನ ಹೆಸರು

ಶಿಡ್ಲಘಟ್ಟದಲ್ಲಿ ನಾನು ಕೆಲಸ ಮಾಡುತ್ತಿದ್ದ ರೇಷ್ಮೆ ಫಿಲೇಚರಿನಲ್ಲಿ, ಎಂದರೆ ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಯಾರೂ ತಮ್ಮ ಜಾಗ ಬಿಟ್ಟುಕೊಡುತ್ತಿರಲಿಲ್ಲ. ಜಾಗ ಎಂದರೆ ಬಿಸಿನೀರಿನ ಒಂದು ತೊಟ್ಟಿ, ಕೂರಲು ಒಂದು ಮಣೆ, ಎದುರಿಗೆ ನೂಲು ಸುತ್ತಿಕೊಳ್ಳುವ ರಾಟೆ. ತೊಟ್ಟಿಗೆ ನಾವು ಬೇಸಿನ್ ಎನ್ನುತ್ತಿದ್ದೆವು. ಹೆರಿಗೆಗೆ ಹೋಗುವವಳು, ಮದುವೆಯಾಗಿ ಬೇರೆ ಊರಿಗೆ ಹೋಗುವವಳು ತನ್ನ ಬೇಸಿನ್ನಿಗೆ ತಂಗಿಯನ್ನೋ ನಾದಿನಿಯನ್ನೋ ಕೂರಿಸಿ ಹೋಗುವುದು ಅಲ್ಲಿಯ ರೂಢಿ. ಹಾಜರಿ ಪುಸ್ತಕದಲ್ಲಿ ಮಾತ್ರ ಹಳೆಯ ಹೆಸರೇ ಇರುತ್ತಿತ್ತು. ಬೆಳಿಗ್ಗೆ ರೈಟರು ಅಕ್ಕನ ಹೆಸರು ಕೂಗಿದರೆ ತಂಗಿ "ಇದೀನಿ" ಎನ್ನುವಳು. ರೈಟರಿಗೆ ಗೊತ್ತು, ಮೇಸ್ತ್ರಿಗೆ ಗೊತ್ತು, ಮಾಲೀಕರಿಗೂ ಗೊತ್ತು. ಹೊಸ ಹೆಸರು ಬರೆದರೆ ಅವರು ಸರ್ಕಾರದ ಕಾರ್ಮಿಕ ವಿಮೆಗೆ ಹೊಸ ಅರ್ಜಿ ಹಾಕಬೇಕು, ಹೊಸ ಕಾರ್ಡು ಮಾಡಿಸಬೇಕು. ನಮಗೆ ಬೇರೆ ಭಯ. ಒಂದು ಸಲ ಹೆಸರು ಹೊಡೆದರೆ ಜಾಗ ಮನೆಯಿಂದ ಹೊರಗೆ ಹೋಗುತ್ತದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ನೂಲು ತೆಗೆಯುವ ಕೆಲಸ ಮಾತ್ರ ಯಾರೂ ಬೆರಳು ತೋರಿಸದ ಹಾಗೆ ಕಲಿತಿದ್ದೆ. ಬೆಂದ ಗೂಡನ್ನು ಕುಂಚದಿಂದ ತಟ್ಟಿ ತುದಿ ಹುಡುಕುವುದು, ಎಂಟು ಹತ್ತು ಎಳೆ ಸೇರಿಸಿ ಒಂದು ಮಾಡುವುದು, ಒಂದು ಎಳೆ ಮುಗಿಯುತ್ತಿದೆ ಎನ್ನುವಾಗ ಇನ್ನೊಂದನ್ನು ಎಸೆದು ಹತ್ತಿಸುವುದು. ಇದಕ್ಕೆ ಕಣ್ಣಿಗಿಂತ ಬೆರಳು ಮುಖ್ಯ. ದಿನವೆಲ್ಲ ಬಿಸಿನೀರಿನಲ್ಲಿ ಇದ್ದು ಬೆರಳ ತುದಿ ಬೆಳ್ಳಗಾಗಿ ಸಿಪ್ಪೆ ಏಳುತ್ತಿತ್ತು. ಬೆಂದ ಹುಳುವಿನ ವಾಸನೆ ತಲೆಗೂದಲಿನಿಂದ ಹೋಗುತ್ತಿರಲಿಲ್ಲ. ಆದರೂ ಸಂಬಳ ಕೈಗೆ ಬರುತ್ತಿತ್ತು, ವಿಮೆಯ ಕಾರ್ಡಿತ್ತು, ನಮ್ಮ ಬೀದಿಯಲ್ಲಿ ಅಂಥ ಕಾರ್ಡಿದ್ದ ಹೆಂಗಸರು ಕಡಿಮೆ.

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಮದುವೆಯಾಯಿತು. ಗಂಡನ ಊರು ಗೌರಿಬಿದನೂರು ಕಡೆಯ ತೊಂಡೇಬಾವಿ. ಹೋಗುವಾಗ ನನ್ನ ಬೇಸಿನ್ನಿಗೆ ತಂಗಿಯನ್ನು ಕೂರಿಸಿದೆ. ಆಗ ಅವಳಿಗೆ ಹದಿನೆಂಟು. ಸ್ಕೂಲಿನ ಮುಖ ನೋಡಿದವಳಲ್ಲ. ಹೆಬ್ಬೆಟ್ಟು ಒತ್ತಿದರೆ ಗುಟ್ಟು ಬಯಲಾಗುತ್ತದೆ ಎಂದು ರೈಟರು ಹೇಳಿದರು, ಏಕೆಂದರೆ ನಾನು ಸಹಿ ಹಾಕುತ್ತಿದ್ದೆ. ಹಾಗಾಗಿ ಹೊರಡುವ ಮುಂಚಿನ ವಾರ ಅಡುಗೆಮನೆಯ ನೆಲದ ಮೇಲೆ ಇದ್ದಿಲಿನಲ್ಲಿ ಬರೆದು ಬರೆದು ಅವಳಿಗೆ ಕಲಿಸಿದೆ. ಅವಳು ಕಲಿತ ಬರಹ ಅದೊಂದೇ. ನನ್ನ ಹೆಸರು.

"ನನ್ ಹೆಸರು ಯಾವಾಗ ಕಲಿಸ್ತೀಯಾ ಅಕ್ಕ?" ಎಂದಳು.

"ಆರು ತಿಂಗಳು ಇರು. ನಾನು ಬಂದ್ಮೇಲೆ ನಿಂಗೆ ಬೇರೆ ಬೇಸಿನ್ ಕೊಡಿಸ್ತೀನಿ, ಆಗ ನಿನ್ ಹೆಸರೇ ಬರೀವಂತೆ."

ನಾನು ಬರಲಿಲ್ಲ. ತೊಂಡೇಬಾವಿಯಲ್ಲೇ ಅಂಗನವಾಡಿ ಶುರುವಾಯಿತು. ಸಹಾಯಕಿ ಬೇಕೆಂದರು. ಮಕ್ಕಳನ್ನು ಮನೆಯಿಂದ ಕರೆತರುವುದು, ಹಿಟ್ಟು ಬೇಯಿಸುವುದು, ಕಸ ಹೊಡೆಯುವುದು. ಸ್ವಲ್ಪ ಓದು ಬರುತ್ತಿದ್ದ ಸೊಸೆ ನಾನೊಬ್ಬಳೇ, ನನ್ನನ್ನೇ ತೆಗೆದುಕೊಂಡರು. ಅಲ್ಲಿಯೂ ಒಂದು ಹಾಜರಿ ಪುಸ್ತಕ, ದಿನವೂ ಸಹಿ.

ಹೀಗೆ ಎಂಟು ವರ್ಷ ನಡೆಯಿತು. ಮಧ್ಯದಲ್ಲಿ ಒಂದು ಹಬ್ಬಕ್ಕೆ ತವರಿಗೆ ಹೋದಾಗ ತಂಗಿ ಕೇಳಿದ್ದಳು. "ನೀನಂತೂ ಬರಲ್ಲ ಅಕ್ಕ. ರೈಟರಿಗೆ ಹೇಳಿ ನನ್ ಹೆಸರಿಗೆ ಮಾಡಿಸ್ಬಿಡು." ನಾನು ಹಾರಿಸಿಬಿಟ್ಟೆ. ಅಂಗನವಾಡಿ ಕೆಲಸ ಯಾವತ್ತು ಇರುತ್ತದೋ ಯಾವತ್ತು ಹೋಗುತ್ತದೋ, ಗಂಡನ ಮನೆಯಲ್ಲಿ ಏನಾದರೂ ಆದರೆ ಶಿಡ್ಲಘಟ್ಟದಲ್ಲಿ ನನ್ನದೆಂದು ಒಂದು ಬೇಸಿನ್ ಇರಲಿ ಎಂಬ ಲೆಕ್ಕ ನನ್ನದು. ಕೂತು ಕೆಲಸ ಮಾಡುತ್ತಿದ್ದವಳು ಅವಳು, ಸಂಬಳ ತೆಗೆದುಕೊಂಡವಳೂ ಅವಳೇ. ಅದರಲ್ಲಿ ನಾನು ಕೈ ಹಾಕಿದವಳಲ್ಲ. ಆದರೆ ಅವಳ ದುಡಿಮೆಯ ವರ್ಷಗಳೆಲ್ಲ ನನ್ನ ಹೆಸರಿಗೆ ಸೇರುತ್ತಿದ್ದವು. ಕಾಗದದಲ್ಲಿ ನನಗೆ ಎರಡು ಕೆಲಸ, ಅವಳಿಗೆ ಒಂದೂ ಇಲ್ಲ.

ಅಪಘಾತವಾದದ್ದು ರಾಟೆಗಳನ್ನೆಲ್ಲ ತಿರುಗಿಸುವ ಬೆಲ್ಟಿನಿಂದ. ಅವತ್ತು ತೆಗೆದ ನೂಲನ್ನು ದೊಡ್ಡ ರಾಟೆಗೆ ಮರುಸುತ್ತು ಮಾಡುವ ಕೋಣೆಯಲ್ಲಿ ಆಳು ಕಡಿಮೆಯಿತ್ತೆಂದು ಮೇಸ್ತ್ರಿ ಅವಳನ್ನು ಅಲ್ಲಿಗೆ ಕಳಿಸಿದ್ದರು. ಬೆಲ್ಟಿಗೆ ಸಿಕ್ಕಿಕೊಂಡ ನೂಲನ್ನು ಬಿಡಿಸಲು ಹೋದಳು. ಬೆಲ್ಟು ಬಲಗೈಯನ್ನು ಒಳಗೆ ಎಳೆದುಕೊಂಡಿತು. ನಾನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎರಡು ದಿನ ಆಗಿತ್ತು. ಮೂರು ಬೆರಳು ತೆಗೆದಿದ್ದರು. ಉಳಿದ ಎರಡು ಮಡಚುತ್ತಿರಲಿಲ್ಲ. ಮಂಚಕ್ಕೆ ಕಟ್ಟಿದ್ದ ಚೀಟಿಯಲ್ಲಿ ನನ್ನ ಹೆಸರು. ನರ್ಸು ಬಂದು ನನ್ನ ಹೆಸರು ಕೂಗಿ ಮಾತ್ರೆ ಕೊಟ್ಟಾಗ ನಾವಿಬ್ಬರೂ ತಲೆ ಎತ್ತಿದೆವು.

"ನೀವ್ಯಾರು?" ಎಂದಳು ನರ್ಸು.

"ನಾನು ಇವಳ ಅಕ್ಕ."

"ಪೇಷಂಟ್ ಹತ್ರ ಒಬ್ರೇ ಇರ್ಬೇಕು" ಎಂದು ಮುಂದಿನ ಮಂಚಕ್ಕೆ ಹೋದಳು.

ಕೆಲಸ ಮಾಡುವಾಗ ಕೈ ಹೋದವರಿಗೆ ವಿಮೆಯಿಂದ ತಿಂಗಳು ತಿಂಗಳು ಪಿಂಚಣಿ ಉಂಟು, ಜೀವ ಇರುವ ತನಕ. ಇದು ಫಿಲೇಚರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಅದಕ್ಕೆ ಮೊದಲು ಅವಳು ಆ ಕಾರ್ಖಾನೆಯ ಕೆಲಸಗಾರ್ತಿ ಎಂದು ತೋರಿಸಬೇಕು. ಅವಳ ಹೆಸರಿನಲ್ಲಿ ವಂತಿಗೆ ಕಟ್ಟಿರಬೇಕು, ಹಾಜರಿ ಇರಬೇಕು, ಕೈ ಹೋಗುವ ಮುಂಚೆ ಎಷ್ಟು ದುಡಿದಿದ್ದಾಳೆ ಎಂಬುದರ ಮೇಲೆ ಪಿಂಚಣಿ. ಮಂಚದ ಮೇಲೆ ಮಲಗಿದ್ದವಳ ಹೆಸರಿನಲ್ಲಿ ಇದಾವುದೂ ಇರಲಿಲ್ಲ. ಕಾರ್ಡಿನಲ್ಲಿ ಹೆಸರಿದ್ದವಳು ಎರಡೂ ಕೈ ನೆಟ್ಟಗಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು.

ಮಂಚದ ಮೇಲಿರುವವಳು ಕಾರ್ಡಿನವಳಲ್ಲ ಎಂಬ ಮಾತು ಆಸ್ಪತ್ರೆಯಿಂದ ವಿಮೆ ಆಫೀಸಿಗೆ ಮುಟ್ಟಿತು. ಹತ್ತು ದಿನದ ಮೇಲೆ ವಿಮೆಯ ಇನ್‌ಸ್ಪೆಕ್ಟರು ಫಿಲೇಚರಿಗೆ ಬಂದರು. ನನ್ನನ್ನೂ ಕರೆಸಿದರು. ಆಫೀಸಿನ ಬಾಗಿಲಲ್ಲೇ ರೈಟರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಮ್ಮಾ, ನಿಜ ಹೇಳಿದ್ರೆ ಎಂಟು ವರ್ಷದ ಪುಸ್ತಕ ಎಲ್ಲಾ ಸುಳ್ಳು ಅಂತಾಗುತ್ತೆ. ನಮ್ಗೂ ಕೇಸು, ನಿಂಗೂ ಕೇಸು. ನೀನು ಈ ಎಂಟು ವರ್ಷ ಎಲ್ಲಿದ್ದೆ ಅಂತ ಕೇಳಲ್ವಾ ಅವ್ರು? ಏಮ್ಮಾ, ಅರ್ಥ ಆಯ್ತಾ?"

ಅರ್ಥವಾಯಿತು. ಅವರು ಹೆದರಿಸಿದರು ಎಂದು ಹೇಳಿದರೆ ಅರ್ಧ ಮಾತ್ರ ನಿಜ. ನಾನು ಬಸ್ಸಿನಲ್ಲಿ ಬರುವಾಗಲೇ ಅದನ್ನು ಯೋಚಿಸಿಕೊಂಡು ಬಂದಿದ್ದೆ. ಎರಡು ಕಡೆ ಹೆಸರಿದೆ ಎಂದು ತಿಳಿದರೆ ಅಂಗನವಾಡಿಯಿಂದ ನನ್ನನ್ನು ತೆಗೆಯುತ್ತಾರೆ. ಮಕ್ಕಳು ನನ್ನನ್ನು ಆಯಮ್ಮ ಎನ್ನುತ್ತಿದ್ದವು. ಊರಿನಲ್ಲಿ ನನಗೊಂದು ಮರ್ಯಾದೆ ಇತ್ತು. ಅದನ್ನು ಬಿಡಲು ಮನಸ್ಸಿರಲಿಲ್ಲ.

ಇನ್‌ಸ್ಪೆಕ್ಟರು ಕೇಳಿದರು. "ಈ ಕಾರ್ಡು ನಿಮ್ದೇನಾ?"

"ನಂದೇ ಸಾರ್."

"ಇಲ್ಲಿ ಕೆಲ್ಸ ಮಾಡೋರು ನೀವೇನಾ?"

"ಹೌದು ಸಾರ್."

"ಮತ್ತೆ ಕೈ ಹೋಗಿರೋದು ಯಾರ್ದು?"

"ನನ್ ತಂಗೀದು ಸಾರ್. ನಂಗೆ ಅವತ್ತು ಹುಷಾರಿರ್ಲಿಲ್ಲ. ಅವತ್ತೊಂದ್ ದಿನಕ್ಕೆ ಬಂದಿದ್ಲು."

ಅವರು ಬರೆದುಕೊಂಡರು. ಸಹಿ ಹಾಕಲು ಪೆನ್ನು ಕೊಟ್ಟರು. ಅವರು ನನ್ನ ಕೈ ಸರಿಯಾಗಿ ನೋಡಿದ್ದರೆ ಸಾಕಿತ್ತು. ಅದು ಬೇಸಿನ್ನಿನ ಕೈ ಆಗಿರಲಿಲ್ಲ. ಬೆರಳ ತುದಿ ನುಣ್ಣಗೆ, ಉಗುರು ಗಟ್ಟಿಯಾಗಿ, ಹಿಟ್ಟು ಕಲಸುವವಳ ಕೈ ಹೇಗಿರಬೇಕೋ ಹಾಗಿತ್ತು. ಅವರು ನೋಡಲಿಲ್ಲ. ನಾನು ಚೆನ್ನಾಗಿ, ದುಂಡಗೆ ಸಹಿ ಹಾಕಿದೆ.

ತಂಗಿಯ ಅರ್ಜಿಗೆ ಉತ್ತರ ಬಂತು. ಅರ್ಜಿದಾರಳು ಸದರಿ ಕಾರ್ಖಾನೆಯ ಕೆಲಸಗಾರ್ತಿ ಎಂಬುದಕ್ಕೆ ದಾಖಲೆ ಇಲ್ಲವಾದ್ದರಿಂದ ಪಿಂಚಣಿ ಬರುವುದಿಲ್ಲ. ಅವಳಿಗೆ ಅದನ್ನು ಓದಿ ಹೇಳಿದವಳು ನಾನೇ. "ಮಾಲೀಕರು ಹಿಂಗ್ ಮಾಡಿದ್ರಲ್ಲಾ" ಎಂದಳು. ಯಾರು ಮಾಡಿದರು ಎಂದು ನಾನು ತಿದ್ದಲಿಲ್ಲ.

ತಾಲ್ಲೂಕು ಆಫೀಸಿನಿಂದ ಅಂಗವಿಕಲರಿಗೆ ಕೊಡುವ ಮಾಸಾಶನಕ್ಕೆ ನಾನೇ ಓಡಾಡಿ ಅರ್ಜಿ ಹಾಕಿಸಿದೆ. ಅದಕ್ಕೆ ದುಡಿದ ವರ್ಷ ಕೇಳುವುದಿಲ್ಲ. ಡಾಕ್ಟರ ಸರ್ಟಿಫಿಕೇಟು, ಬಡತನದ ಕಾಗದ ಸಾಕು. ಅದು ಮಂಜೂರಾಯಿತು. ಕೊಟ್ಟದ್ದನ್ನು ಅವಳು ತೆಗೆದುಕೊಂಡಳು. ಅಮ್ಮನೂ ಅವಳೂ ಇದ್ದ ಮನೆಗೆ ಅದು ಉಪ್ಪು ಎಣ್ಣೆಗೆ ಆಗುತ್ತಿತ್ತು. ಆದರೆ ನಾನು "ಸದ್ಯ ಏನೋ ಬಂತಲ್ಲ" ಎಂದಾಗ ಅವಳು ಹೇಳಿದ್ದು ಬೇರೆ.

"ಇದು ಕೈ ಇಲ್ಲ ಅಂತ ಕೊಟ್ಟಿದ್ದು ಅಕ್ಕ. ನಾನು ಕೆಲ್ಸ ಮಾಡಿದೀನಿ. ಅದಕ್ಕೆ ಕೊಡ್ಬೇಕಾದ್ದು ಇನ್ನೂ ಕೊಟ್ಟಿಲ್ಲ."

ಅವಳ ಪಕ್ಕದ ಬೇಸಿನ್ನಿನ ಹೆಂಗಸು ಒಬ್ಬರಿದ್ದರು. ಎಲ್ಲರೂ ಆಪಾ, ಎಂದರೆ ಅಕ್ಕ, ಎನ್ನುತ್ತಿದ್ದರು. ಮನೆಯಲ್ಲಿ ಉರ್ದು, ನಮ್ಮೊಂದಿಗೆ ಕನ್ನಡ, ಸಿಟ್ಟು ಬಂದರೆ ತೆಲುಗು. ಆಪಾ ಬಿಡಲಿಲ್ಲ. ಚಿಂತಾಮಣಿಯಿಂದ ಬರುತ್ತಿದ್ದ ಯೂನಿಯನ್ನಿನವರೊಬ್ಬರನ್ನು ನಮ್ಮ ಮನೆಗೇ ಕರೆತಂದರು. ಅವತ್ತು ನಾನೂ ತವರಿನಲ್ಲಿದ್ದೆ.

"ಎಂಟು ವರ್ಷ ನನ್ ಪಕ್ಕ ಕೂತಿದ್ದೋಳು ಒಂದ್ ದಿನಕ್ಕೆ ಬಂದೋಳಂತೆ! ಯಾವ ನಾಲಿಗೆ ಹೇಳ್ತು ನೋಡಿ ಆ ಮಾತು!" ಎಂದು ಆಪಾ ಮಾಲೀಕರನ್ನು ಬೈದರು. ನಾನು ಕಾಫಿ ಸೋಸುತ್ತಿದ್ದೆ.

ಯೂನಿಯನ್ನಿನವರು ವಯಸ್ಸಾದವರು, ನಿಧಾನವಾಗಿ ಮಾತಾಡುವವರು. "ಬಾಯಿಮಾತು ಸಾಕಾಗಲ್ಲಮ್ಮ. ಅವರ ಕಡೆ ಪುಸ್ತಕ ಇದೆ, ದಿನಾ ಸಹಿ ಇದೆ. ಆ ಹೆಸರಿನವಳು ಅದೇ ದಿನಗಳಲ್ಲಿ ಬೇರೆ ಎಲ್ಲೋ ಇದ್ದಳು ಅಂತ ಒಂದು ಸರ್ಕಾರಿ ಕಾಗದ ಸಿಕ್ಕಿದ್ರೆ ಮಾತ್ರ ಅವರ ಪುಸ್ತಕ ಬೀಳುತ್ತೆ. ಅಂಥದ್ದು ಏನಾದ್ರೂ ಇದ್ಯಾ? ಆಸ್ಪತ್ರೆ ಚೀಟಿ, ರೇಷನ್ ಕಾರ್ಡು, ಏನೋ ಒಂದು?" ಎಂದು ನನ್ನ ಕಡೆ ನೋಡಿದರು.

ಅಂಗನವಾಡಿಯ ತಗಡಿನ ಟ್ರಂಕಿನಲ್ಲಿ ಎಂಟು ವರ್ಷದ ಹಾಜರಿ ಪುಸ್ತಕಗಳಿದ್ದವು. ಟೀಚರ್ ಗೌರಿಬಿದನೂರಿನಿಂದ ಬರುತ್ತಿದ್ದವರಾದ್ದರಿಂದ ಟ್ರಂಕಿನ ಕೀಲಿ ನನ್ನ ಬಳಿಯೇ ಇರುತ್ತಿತ್ತು. ಅವತ್ತೂ ಸೊಂಟದಲ್ಲೇ ಇತ್ತು.

"ಹುಡುಕ್ತೀನಿ" ಎಂದೆ.

ನಾನು ಹುಡುಕಬೇಕಾದ್ದೇನೂ ಇರಲಿಲ್ಲ. ಇದಾದ ಮೇಲೆ ಒಂದು ವರ್ಷಕ್ಕಿಂತ ಹೆಚ್ಚು ಸುಮ್ಮನಿದ್ದೆ. ಇನ್‌ಸ್ಪೆಕ್ಟರ ಮುಂದೆ ಹೇಳಿದ ಸುಳ್ಳು ಒಂದು ಕ್ಷಣದ್ದು, ಹೆದರಿಕೆಯಲ್ಲಿ ಬಂದದ್ದು ಎನ್ನಬಹುದು. ಈ ಸುಮ್ಮನಿರುವಿಕೆ ಹಾಗಲ್ಲ. ಬೆಳಿಗ್ಗೆ ಎದ್ದು, ಮುಖ ತೊಳೆದು, ಟ್ರಂಕು ತೆಗೆದು, ಅದೇ ಪುಸ್ತಕದಲ್ಲಿ ಸಹಿ ಹಾಕಿ, ಮತ್ತೆ ಬೀಗ ಹಾಕುವುದು. ದಿನವೂ ತಿಳಿದೇ ಮಾಡಿದ್ದು. ನನ್ನ ತಪ್ಪು ಯಾವುದು ಎಂದರೆ ನಾನು ಇದನ್ನೇ ಮೊದಲು ಹೇಳುತ್ತೇನೆ.

ಒಂದು ಬೇಸಿಗೆಯಲ್ಲಿ ತಂಗಿ ನಮ್ಮ ಊರಿಗೆ ಬಂದಳು. ಒಂದು ವಾರ ಇದ್ದಳು. ಮನೆಯಲ್ಲಿ ಕೂತು ಬೇಜಾರಾಗಿ ನನ್ನ ಜೊತೆ ಅಂಗನವಾಡಿಗೆ ಬಂದಳು. ನಾನು ಒಲೆಯ ಮುಂದಿದ್ದೆ. ಟ್ರಂಕು ತೆರೆದಿತ್ತು. ಮಕ್ಕಳು ಆಟದ ಸಾಮಾನಿಗಾಗಿ ಕೈ ಹಾಕಿ ಪುಸ್ತಕಗಳನ್ನೆಲ್ಲ ಹೊರಗೆ ಎಳೆದಿದ್ದವು. ಅವಳು ಅವನ್ನು ಎಡಗೈಯಿಂದ ಎತ್ತಿಡುತ್ತಿದ್ದವಳು ನಿಂತಳು. ಒಂದು ಪುಸ್ತಕವನ್ನು ನೆಲದ ಮೇಲೆ ಬಿಡಿಸಿ, ಮೊಣಕಾಲೂರಿ ಕೂತು, ಸಾಲಿನ ಮೇಲೆ ಬೆರಳಿಟ್ಟು ಹೋದಳು. ಅವಳಿಗೆ ಓದಲು ಬರುತ್ತಿದ್ದ ಒಂದೇ ಪದ ಆ ಪುಟದ ತುಂಬ ಇತ್ತು.

"ಇದೆಲ್ಲ ನಿನ್ ಹೆಸ್ರೇ ಅಲ್ವೇನಕ್ಕ?"

"ಹೂಂ."

"ದಿನಾ ಹಾಕ್ತೀಯಾ?"

"ಹೂಂ ಕಣೇ."

"ನಾನೂ ದಿನಾ ಹಾಕ್ತಿದ್ದೆ."

ಒಂದು ಮಗು ಅವಳ ಬಲಗೈಯಲ್ಲಿ ಉಳಿದ ಎರಡು ಬೆರಳು ಹಿಡಿದು ಎಳೆಯುತ್ತಿತ್ತು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

"ಚಿಂತಾಮಣಿಯೋರು ಕೇಳಿದ್ದು ಇಂಥದ್ದೇ ಅಲ್ವಾ? ಸರ್ಕಾರದ ಕಾಗದ?"

"ಇಂಥದ್ದೇ."

"ಇದನ್ನ ಕೊಟ್ರೆ ನಿನ್ ಕೆಲ್ಸ ಹೋಗುತ್ತಾ?"

"ಹೋಗ್ಬಹುದು."

ಅವಳು ಪುಸ್ತಕ ಮುಚ್ಚಿದಳು. "ಹಂಗಾದ್ರೆ ಬೇಡ ಬಿಡಕ್ಕ. ನಂದಂತೂ ಹೋಯ್ತು, ನಿಂದ್ಯಾಕೆ" ಎಂದು ಪುಸ್ತಕವನ್ನು ಟ್ರಂಕಿನೊಳಗೆ ಇಟ್ಟಳು.

ಆ ಮಾತು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ಬಚಾವಾದೆ ಅನ್ನಿಸಿತು. ಅನ್ನಿಸಿದ ಮೇಲೆ, ಅನ್ನಿಸಿದ್ದಕ್ಕೇ ಅಸಹ್ಯವಾಯಿತು. ಒಲೆಯ ಮೇಲಿನ ಹಿಟ್ಟು ತಳ ಹಿಡಿಯಿತು. ಮಕ್ಕಳಿಗೆ ಅದನ್ನೇ ಬಡಿಸಿದೆ. ಮರುದಿನ ಮೊದಲ ಬಸ್ಸಿಗೆ ಗೌರಿಬಿದನೂರಿಗೆ ಹೋಗಿ ನಮ್ಮ ಮೇಲ್ವಿಚಾರಕಿಯ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ.

ಆಕೆ ಕನ್ನಡಕ ತೆಗೆದಿಟ್ಟರು. "ಎಂಟು ವರ್ಷ ಎರಡು ಕಡೆ ಹಾಜರಿನಾ? ಏನಮ್ಮಾ ನೀನು! ನಾನು ಒಂದು ಕಡೆ ಹಾಜರಾಗೋಕೇ ಒದ್ದಾಡ್ತೀನಿ."

"ನಾನಿದ್ದದ್ದು ಇಲ್ಲಿ ಮೇಡಂ. ಅಲ್ಲಿದ್ದದ್ದು ನನ್ ತಂಗಿ. ಅದನ್ನೇ ಬರೆದುಕೊಡಿ."

"ಬರೆದುಕೊಟ್ರೆ ನಾನು ಮೇಲಕ್ಕೂ ಬರೀಬೇಕಾಗುತ್ತೆ. ನಿನ್ ಮೇಲೆ."

"ಬರೀರಿ ಮೇಡಂ."

ಆಕೆ ಕೆಟ್ಟವರಲ್ಲ. ಪುಸ್ತಕಗಳ ನಕಲು ಮಾಡಿಸಿ, ಪ್ರತಿ ಹಾಳೆಗೂ ಮೊಹರು ಹಾಕಿಸಿ ಕೊಟ್ಟರು. ನನ್ನ ಮೇಲೆಯೂ ಬರೆದರು. ಹೇಳಿದ ಎರಡನ್ನೂ ಮಾಡಿದರು.

ಯೂನಿಯನ್ನಿನವರು ಕಾಗದ ನೋಡಿ ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ದಿನ ಎಣಿಸಿದರು. ಮೇಲ್ಮನವಿಗೆ ಮೂರು ವರ್ಷದ ಗಡುವು, ಅದಕ್ಕೆ ಇನ್ನು ಐದು ವಾರ ಉಳಿದಿತ್ತು. "ಇನ್ನೂ ಐದು ವಾರ ಸುಮ್ನೆ ಇದ್ದಿದ್ರೆ ಯಾರೂ ಏನೂ ಮಾಡೋಕೆ ಆಗ್ತಿರ್ಲಿಲ್ಲಮ್ಮ" ಎಂದರು, ಅಷ್ಟೇ.

ವಿಚಾರಣೆ ಚಿಕ್ಕಬಳ್ಳಾಪುರದಲ್ಲಿ ನಡೆಯಿತು. ಅಧಿಕಾರಿ ಮೇಜಿನ ಮೇಲೆ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. ಕಣ್ಣಿಗೆ ಬಿದ್ದ ಒಂದು ದಿನ ಆರಿಸಿದರು. ಫಿಲೇಚರಿನಲ್ಲಿ ನಾನು ಹಾಜರು, ಅಂಗನವಾಡಿಯಲ್ಲೂ ಹಾಜರು. ಇನ್ನೊಂದು ದಿನ. ಎರಡರಲ್ಲೂ ಹಾಜರು. ಹೀಗೆ ಏಳೆಂಟು ನೋಡಿದರು. ಮಾಲೀಕರ ವಕೀಲರು ಅಕ್ಕತಂಗಿ ಸೇರಿ ನಾಟಕ ಆಡುತ್ತಿದ್ದಾರೆ ಎಂದರು. ಆಪಾ ಎದ್ದು ನಿಂತು, "ಸಾಹೇಬ್ರೆ, ನನ್ನನ್ನ ಕೇಳಿ, ಇವ್ಳು ಎಷ್ಟು ಸಲ ಕೆಮ್ಮಿದಾಳೆ ಅಂತಾನೂ ಹೇಳ್ತೀನಿ" ಎಂದರು. ಅಧಿಕಾರಿ ನಕ್ಕು ಅವರನ್ನು ಕೂರಿಸಿದರು. ಆಮೇಲೆ ಒಂದು ಹಳೆಯ ಹಾಳೆ ತೆಗೆದರು.

"ಇದು ಇನ್‌ಸ್ಪೆಕ್ಟರು ಬರೆದುಕೊಂಡಿರೋದು. ತಂಗಿ ಒಂದು ದಿನಕ್ಕೆ ಮಾತ್ರ ಬಂದಿದ್ದಳು ಅಂತ ಇದೆ. ಕೆಳಗೆ ಸಹಿ ಇದೆ. ಯಾರದು?"

ತಂಗಿ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಮುಂಚೆಯೇ ಹೇಳಬೇಕೆಂದು ಬಸ್ಸಿನಲ್ಲಿ ಎರಡು ಸಲ ಬಾಯಿ ತೆರೆದು ಮುಚ್ಚಿದ್ದೆ.

"ನಂದು ಸಾರ್. ನಾನೇ ಹೇಳಿದ್ದು. ಸುಳ್ಳು ಹೇಳಿದ್ದೆ. ನನ್ ಕೆಲ್ಸ ಹೋಗುತ್ತೆ ಅಂತ."

ಅಷ್ಟು ಜನರ ಮುಂದೆ ಅಷ್ಟು ಗಟ್ಟಿಯಾಗಿ ನಾನು ಎಂದೂ ಮಾತಾಡಿರಲಿಲ್ಲ. ಅಧಿಕಾರಿ ಅದನ್ನೂ ಬರೆದುಕೊಂಡು ಸಹಿ ಹಾಕಿಸಿದರು. ತಂಗಿ ನನ್ನ ಕಡೆ ತಿರುಗಿ ನೋಡಿದಳು. ಆಪಾ ಸೆರಗು ಸರಿ ಮಾಡಿಕೊಂಡು ಕಿಟಕಿಯ ಕಡೆ ನೋಡಿದರು.

ಶಿಡ್ಲಘಟ್ಟದ ಬಸ್ಸಿನಲ್ಲಿ ಅವಳು ಆಪಾ ಪಕ್ಕ ಕೂತಳು. ನಾನು ಹಿಂದಿನ ಸೀಟಿನಲ್ಲಿ. ಊರು ಹತ್ತಿರ ಬಂದಾಗ ತಲೆ ತಿರುಗಿಸದೆ ಹೇಳಿದಳು.

"ಮೂರು ವರ್ಷ ಎಡಗೈಲಿ ಉಂಡಿದೀನಿ ಅಕ್ಕ. ಎಷ್ಟು ಸಲ ನೀನೇ ಕಲಸಿ ಕೊಟ್ಟಿದೀಯಾ. ಆಗ ಒಂದ್ ಸಲ ಹೇಳ್ಬಹುದಿತ್ತು."

ನಾನು "ಹೌದು" ಎಂದೆ. ಬೇರೆ ಮಾತು ಸೇರಿಸಿದ್ದರೆ ಅದು ನೆಪವಾಗುತ್ತಿತ್ತು.

ಆದೇಶ ಅವಳ ಕಡೆಗೇ ಆಯಿತು. ಎಂಟು ವರ್ಷ ಆ ಕಾರ್ಖಾನೆಯಲ್ಲಿ ದುಡಿದವಳು ಎಂದು ಅವಳ ಹೆಸರನ್ನು ಬರೆದು, ಪಿಂಚಣಿ ಕೊಡಬೇಕೆಂದು ಹೇಳಿದ್ದರು. ನನ್ನ ಮೊದಲ ಹೇಳಿಕೆ ಸುಳ್ಳೆಂದೂ ಅದರಲ್ಲಿತ್ತು. ಅದನ್ನೂ ಬಿಡದೆ ಓದಿ ಹೇಳಿದೆ. ಅಂಗನವಾಡಿಯಿಂದ ನನ್ನನ್ನು ತೆಗೆದರು. ಅದಕ್ಕೆ ನಾನು ಅಳಲಿಲ್ಲ. ಹಳ್ಳಿಯಲ್ಲೇ ಹಾಲಿನ ಡೈರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಪುಸ್ತಕ ಬರೆಯುವವರು ಬೇರೆ, ನಾನು ಕ್ಯಾನು ತೊಳೆಯುತ್ತಿದ್ದೆ. ಕೆಲವು ಮಕ್ಕಳು ದೊಡ್ಡವರಾದ ಮೇಲೂ ಆಯಮ್ಮ ಎನ್ನುವುದನ್ನು ಬಿಟ್ಟಿಲ್ಲ.

ಪಿಂಚಣಿ ಪಡೆಯುವವರು ವರ್ಷಕ್ಕೆ ಎರಡು ಸಲ ತಾವು ಬದುಕಿದ್ದೇವೆಂದು ಬರೆದುಕೊಡಬೇಕು. ಇವರು ಇವರೇ ಎಂದು ಗುರುತು ಹೇಳುವವರೊಬ್ಬರು ಜೊತೆಗಿರಬೇಕು. ಮೊದಲ ಸಲ ನಾನೇ ಹೋಗುತ್ತೇನೆಂದುಕೊಂಡು ಬೆಳಿಗ್ಗೆಯೇ ಶಿಡ್ಲಘಟ್ಟ ತಲುಪಿದೆ. ಅವಳು ಆಗಲೇ ಆಪಾರನ್ನು ಕರೆದುಕೊಂಡು ಹೊರಟಿದ್ದಳು. ಅಮ್ಮ "ಕೂತ್ಕೊಳಮ್ಮ, ಬರ್ತಾಳೆ" ಎಂದರು. ಮಧ್ಯಾಹ್ನ ಬಂದಳು. ನನ್ನನ್ನು ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದು ನೀರು ಕುಡಿದಳು.

"ನಾನು ಬರ್ತಿದ್ನಲ್ಲೇ" ಎಂದೆ.

"ನೀನು ಗುರುತು ಹೇಳೋದು ಬೇಡಕ್ಕ. ಊಟಕ್ಕೆ ಏಳು" ಎಂದಳು.

ಹಬ್ಬಕ್ಕೆ ಕರೆಯುತ್ತಾಳೆ, ನಾನು ಹೋಗುತ್ತೇನೆ. ಆ ಕಾಗದಕ್ಕೆ ಮಾತ್ರ ಇಂದಿಗೂ ಕರೆದಿಲ್ಲ, ನಾನೂ ಕೇಳಿಲ್ಲ.